ಗಾಂಧಿಗ್ರಾಮದ ತಾಯಿ ಡಾ. ಸೌಂದ್ರಂ



ಏಲಕ್ಕಿ, ದ್ರಾಕ್ಷಿಯ ವ್ಯಾಪಾರಕ್ಕೆಂದು ಬೋಡಿ, ಕಂಬಂ ಕಡೆಗೆ ಹೋಗಿಬರುವವರು ನಮ್ಮಲ್ಲಿದ್ದಾರೆ. ಕೊಡೈಕಾನಲ್ ನೋಡಲು ಹೋಗುವವರೂ ಇದ್ದಾರೆ. ದಿಂಡಿಗಲ್ ಬಿಟ್ಟ ರೈಲು ಕೊಡೈಕಾನಲ್ ರೋಡ್ ನಿಲ್ದಾಣ ಮುಟ್ಟುವ ಮೊದಲು ಅಂಬಾತುರೈ ಎಂಬ ಸಣ್ಣ ನಿಲ್ದಾಣವಿದೆ. ಅದರ ಸಮೀಪ, ಸಿರುಮಲೈ ಬೆಟ್ಟದ ಅಡಿಯಲ್ಲಿ ಗಾಂಧಿಗ್ರಾಮವಿದೆ. ವೈದ್ಯೆಯಾಗಿದ್ದು ರಾಜಕೀಯಕ್ಕೂ ಶಿಕ್ಷಣಕ್ಕೂ ಇಳಿದು ಅದನ್ನು ಕಟ್ಟಿದ ಡಾ. ಟಿ. ಎಸ್. ಸೌಂದ್ರಂ ಅವರ ಬಾಳನ್ನು ಈ ಸಲ ಪಾಠವಾಗಿ ತೆಗೆದುಕೊಂಡಿದ್ದೇವೆ.

ಸೌಂದ್ರಂ ಹುಟ್ಟಿದ್ದು 1904ರಲ್ಲಿ. ಟಿ.ವಿ.ಎಸ್. ಸಂಸ್ಥೆಯನ್ನು ಸ್ಥಾಪಿಸಿದ ಟಿ. ವಿ. ಸುಂದರಂ ಅಯ್ಯಂಗಾರ್ಯರು ಇವರ ತಂದೆ. ಅಂದಿನ ರೂಢಿಯಂತೆ ಚಿಕ್ಕ ವಯಸ್ಸಿನಲ್ಲೇ ಮದುವೆಯಾಯಿತು. ವೈದ್ಯರಾಗಿದ್ದ ಪತಿ 1925ರಲ್ಲಿ ಪ್ಲೇಗಿಗೆ ತುತ್ತಾದರು. ವಿಧವೆಯಾದ ಮಗಳನ್ನು ಮನೆಯ ಮೂಲೆಯಲ್ಲಿ ಕೂರಿಸುವ ಕಾಲವದು. ಸಿರಿವಂತ ಮನೆಯಾದರೂ ಅದಕ್ಕೆ ಹೊರತಲ್ಲ. ಆದರೆ ಆ ತಂದೆತಾಯಿ ಮಗಳನ್ನು ಮತ್ತೆ ಓದಿಗೆ ಹಚ್ಚಿದರು. ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಓದಿ, 1936ರಲ್ಲಿ ಅವರು ವೈದ್ಯೆಯಾದರು.

ದೆಹಲಿಯಲ್ಲಿ ಸುಶೀಲಾ ನಯ್ಯರ್ ಅವರ ಗೆಳೆತನ, ಗಾಂಧೀಜಿಯವರ ಪರಿಚಯ ಆದವು. ಕೇರಳದ ಜಿ. ರಾಮಚಂದ್ರನ್ ಅವರನ್ನು ಸೌಂದ್ರಂ ಮೆಚ್ಚಿದರು. ವಿಧವೆಯ ಮರುಮದುವೆ, ಅದೂ ಬೇರೆ ಜಾತಿಯವರೊಡನೆ! ಒಂದು ವರ್ಷ ದೂರವಿದ್ದು ಮನಸ್ಸನ್ನು ಪರೀಕ್ಷಿಸಿಕೊಳ್ಳಿರೆಂದು ಗಾಂಧೀಜಿ ಹೇಳಿದರು. ಹಾಗೆಯೇ ನಡೆದು 1940ರಲ್ಲಿ ಮದುವೆಯಾದರು.

ದಂಪತಿಗಳು 1947ರಲ್ಲಿ ಚಿನ್ನಾಳಪಟ್ಟಿಯ ಬಳಿ ಗಾಂಧಿಗ್ರಾಮವನ್ನು ಆರಂಭಿಸಿದರು. ಮದುರೈನಲ್ಲಿ ದವಾಖಾನೆ ತೆರೆದು ಹಣ ಗಳಿಸುವುದು ಸೌಂದ್ರಂ ಅವರಿಗೆ ಕಷ್ಟವಿರಲಿಲ್ಲ. ಅವರು ಹಳ್ಳಿಯ ಬಾಣಂತಿಯರ ಬಳಿಗೆ ಹೋದರು. ಸಣ್ಣದಾಗಿ ಶುರುವಾದ ಚಿಕಿತ್ಸಾಲಯ ಕಸ್ತೂರಬಾ ಆಸ್ಪತ್ರೆಯಾಗಿ ಬೆಳೆಯಿತು. ಜೊತೆಗೆ ಶಾಲೆ, ಅನಾಥ ಮಕ್ಕಳಿಗೆ ಆಶ್ರಯ, ಗ್ರಾಮಸೇವಕಿಯರಿಗೆ ತರಬೇತಿ ಬಂದವು. ಹಳ್ಳಿಯವರಿಗೆ ಬರೀ ಔಷಧಿ ಕೊಟ್ಟರೆ ರೋಗ ಮರಳಿ ಬರುತ್ತದೆ. ಅಕ್ಷರ, ಶುಚಿತ್ವ, ದುಡಿಮೆಗಳೂ ಜೊತೆಗಿರಬೇಕು. ಈ ಸಂಸ್ಥೆಗಳೆಲ್ಲ ಒಂದೇ ಅಂಗಳದಲ್ಲಿ ಬೆಳೆದದ್ದರ ಅರ್ಥ ಇದೇ ಎಂದು ನಾವು ತಿಳಿಯುತ್ತೇವೆ.

1952 ಮತ್ತು 1957ರಲ್ಲಿ ಮದ್ರಾಸ್ ವಿಧಾನಸಭೆಗೆ, 1962ರಲ್ಲಿ ದಿಂಡಿಗಲ್‌ನಿಂದ ಲೋಕಸಭೆಗೆ ಆರಿಸಿಬಂದ ಸೌಂದ್ರಂ, ಕೇಂದ್ರದಲ್ಲಿ ಶಿಕ್ಷಣ ಉಪಮಂತ್ರಿಯಾದರು. 1962ರಲ್ಲಿ ಪದ್ಮಭೂಷಣ ಬಂತು. 1967ರಲ್ಲಿ ಚುನಾವಣೆ ಸೋತರು. ಪದವಿ ಹೋಯಿತು, ಕಾಯಕ ಉಳಿಯಿತು. 1956ರಲ್ಲಿ ಹುಟ್ಟಿದ ಗ್ರಾಮೀಣ ಸಂಸ್ಥೆ 1976ರಲ್ಲಿ ವಿಶ್ವವಿದ್ಯಾಲಯದ ಮಾನ್ಯತೆ ಪಡೆದದ್ದನ್ನು ಅವರು ಕಣ್ಣಾರೆ ಕಂಡರು. 1984ರಲ್ಲಿ ತೀರಿಕೊಂಡರು.

ಬಂಧುಗಳೇ, ಮಗಳ ಮದುವೆಗೆ ಹೊಲ ಮಾರುವವರು ನಮ್ಮಲ್ಲಿದ್ದಾರೆ. ಅವಳ ಓದಿಗೆ ಒಂದು ಗುಂಟೆ ಅಡವಿಡಲು ಹಿಂದೆಮುಂದೆ ನೋಡುತ್ತೇವೆ. ಡಾಕ್ಟರಾದ ಮಗ ಪಟ್ಟಣದಲ್ಲೇ ನಿಂತರೆ ಹೆಮ್ಮೆಪಡುತ್ತೇವೆ. ನಮಗೇ ಜ್ವರ ಬಂದಾಗ ಊರಲ್ಲಿ ಡಾಕ್ಟರಿಲ್ಲವೆಂದು ಗೊಣಗುತ್ತೇವೆ. ಇವೆರಡೂ ನಮ್ಮ ಕೈಯಲ್ಲಿರುವ ಮಾತುಗಳೇ.

ಮನೆಮಂದಿ ಕುಳಿತು ವಿಚಾರಿಸಲು:

1. ಮಗಳ ಕೈಹಿಡಿದ ಆ ತಂದೆತಾಯಿಯ ಜಾಗದಲ್ಲಿ ನಾವಿದ್ದರೆ ಏನು ಮಾಡುತ್ತಿದ್ದೆವು?
2. ಓದಿ ಮುಂದೆ ಬಂದ ನಮ್ಮ ಮಕ್ಕಳಿಂದ ಊರಿಗೆ ಏನು ಸಂದಿದೆ?