ಸುಳಿಯೊಳಗಿನ ಹುಳು

ಪಿಂಪ್ರಿ-ಚಿಂಚವಾಡದ ತಾರಸಿಯಲ್ಲೋ ಊರಾಚೆಯ ತುಂಡು ಜಮೀನಿನಲ್ಲೋ ಸ್ವೀಟ್ ಕಾರ್ನ್ ಹಾಕಿದ್ದೀರಾ? ಸುಳಿಯಲ್ಲಿ ಮರದ ಹೊಟ್ಟಿನಂಥ ಹಿಕ್ಕೆ ತುಂಬಿದ ಮೇಲೆ ಔಷಧಿ ಅಂಗಡಿಗೆ ಓಡುವುದು ತಡವಾದ ಓಟ. ಬಲಿತ ಹುಳು ಆಗಲೇ ಒಳಗೆ ಅಡಗಿರುತ್ತದೆ. 2018ರಲ್ಲಿ ನಮ್ಮ ದೇಶದಲ್ಲಿ ಮೊದಲು ಶಿವಮೊಗ್ಗದಲ್ಲಿ ಪತ್ತೆಯಾದ ಫಾಲ್ ಸೈನಿಕ ಹುಳುವಿದು. ಪತಂಗ ರಾತ್ರಿ ಎಲೆಯ ಮೇಲೆ ಗುಂಪುಗುಂಪಾಗಿ ಮೊಟ್ಟೆಯಿಟ್ಟು ನವಿರು ರೋಮ ಹೊದಿಸುತ್ತದೆ. ಎರಡು-ಮೂರು ದಿನಕ್ಕೆ ಮರಿ, ಎರಡು-ಮೂರು ವಾರ ಮೇವು, ಆಮೇಲೆ ಮಣ್ಣಿನಲ್ಲಿ ಕೋಶ. ಸೆಕೆಯಿದ್ದರೆ ತಿಂಗಳಿಗೊಂದು ಪೀಳಿಗೆ. ಸಸಿ ಎದ್ದಾಗಿನಿಂದಲೇ ವಾರಕ್ಕೆರಡು ಸಲ ಎಲೆ ಮಗುಚಿ ಎರಡೂ ಬದಿ ನೋಡಿ, ಮೊಟ್ಟೆ ಕಂಡರೆ ಹೊಸಕಿಬಿಡಿ. ಕೈ ಹೊಲಸಾದೀತೆಂದು ಮುಖ ಸಿಂಡರಿಸಬೇಡಿ, ತೊಳೆದರಾಯಿತು! ತೆನೆ ಕೊಯ್ಯುವ ಹೊತ್ತಿಗೆ ವಿಷವಂತೂ ಬೇಡವೇ ಬೇಡ. ಆ ತೆನೆಯನ್ನು ತಿನ್ನುವವರು ಮನೆಯ ಮಕ್ಕಳು.