ಸೀಟಿಯ ಮೇಲೆ ಸಿಟ್ಟೇಕೆ?

ತಮ್ಮಾ, ಸಂಜೆ ಬಾಸ್ಕೆಟ್‌ಬಾಲ್ ಮುಗಿಸಿ ಬಂದು ನೀವೆಲ್ಲ ಬಿಲ್ಡಿಂಗ್ ಕೆಳಗೆ ‘ಅದು ಟ್ರಾವೆಲ್ಲೇ’, ‘ಅಲ್ಲವೇ ಅಲ್ಲ’ ಎಂದು ಕೂಗಾಡುವುದು ಕಳವಾ ಸ್ಟೇಷನ್ನಿನವರೆಗೂ ಕೇಳೀತು. ಚೆಂಡು ಹಿಡಿದು ಮಿತಿ ಮೀರಿ ಹೆಜ್ಜೆ ಇಟ್ಟರೆ ಟ್ರಾವೆಲ್, ಅಂದರೆ ತಪ್ಪು. ವಾದ ಬೇಡ ಅನ್ನುವುದಿಲ್ಲ. ವಾದದಿಂದಲೇ ಬೆಳೆದ ಆಟ ಅದು. ಆದರೆ ವಾದಕ್ಕೂ ಒಂದು ವರಸೆ ಬೇಕು.

1891ರಲ್ಲಿ ಅಮೆರಿಕದ ಸ್ಪ್ರಿಂಗ್‌ಫೀಲ್ಡಿನಲ್ಲಿ ಜೇಮ್ಸ್ ನೈಸ್ಮಿತ್ ಬರೆದ 13 ನಿಯಮಗಳಲ್ಲಿ ಚೆಂಡನ್ನು ನೆಲಕ್ಕೆ ಬಡಿಯುತ್ತ ಸಾಗುವ ಡ್ರಿಬಲ್ ಎಂಬುದೇ ಇರಲಿಲ್ಲ. ಚೆಂಡು ಹಿಡಿದವನು ಓಡಕೂಡದು, ಹಿಡಿದಲ್ಲಿಂದಲೇ ಎಸೆಯಬೇಕು. ಓಡುತ್ತ ಹಿಡಿದವನಿಗೆ ಮಾತ್ರ ನಿಲ್ಲಲು ತುಸು ರಿಯಾಯಿತಿ. ಎದುರಾಳಿಗಳು ಸುತ್ತುವರಿದಾಗ ಆಟಗಾರರು ಚೆಂಡನ್ನು ನೆಲಕ್ಕೆ ಬಡಿದು ತಾವೇ ಮತ್ತೆ ಹಿಡಿಯತೊಡಗಿದರು. ಆ ಜಾಣತನವೇ ಮುಂದೆ ನಿಯಮವಾಯಿತು. ಹಾಗಾಗಿ ‘ನಿಯಮ ಎಂದರೆ ನಿಯಮ’ ಎಂದು ಮೇಜು ಗುದ್ದುವವನೂ ಪೂರ್ತಿ ಸರಿಯಲ್ಲ.

ವಾದದ ವರಸೆಯಲ್ಲಿ ಮೊದಲು ಕೇಳಬೇಕಾದ್ದು, ಯಾವ ನಿಯಮಪುಸ್ತಕದ ಆಟ ಎಂದು. 2019ರ ಅಕ್ಟೋಬರ್ 4 ಮತ್ತು 5ರಂದು ಮುಂಬೈನ ವರ್ಲಿಯಲ್ಲಿ ಪೇಸರ್ಸ್ ಮತ್ತು ಕಿಂಗ್ಸ್ ತಂಡಗಳು ಆಡಿದ್ದು ಅಮೆರಿಕದ ಎನ್‌ಬಿಎ ಲೀಗಿನ ಪಂದ್ಯ. ನಿಮ್ಮ ಟೂರ್ನಮೆಂಟು ನಡೆಯುವುದು ಅಂತರರಾಷ್ಟ್ರೀಯ ಒಕ್ಕೂಟವಾದ ಫಿಬಾದ ನಿಯಮದಲ್ಲಿ. ಎನ್‌ಬಿಎಯಲ್ಲಿ ಕ್ವಾರ್ಟರಿಗೆ 12 ನಿಮಿಷ, ಫಿಬಾದಲ್ಲಿ 10. ಅಲ್ಲಿ ಆರನೇ ಫೌಲಿಗೆ ಹೊರಗೆ, ಇಲ್ಲಿ ಐದಕ್ಕೇ. ಮೊಬೈಲಿನಲ್ಲಿ ಕಂಡದ್ದನ್ನು ನಮ್ಮ ರೆಫರಿಯ ಮುಖಕ್ಕೆ ಹಿಡಿದರೆ ಅವನೇನು ಮಾಡಬೇಕು?

ಎರಡನೆಯದು, ಹೆಜ್ಜೆಗಿಂತ ಮೊದಲು ಕೈ ನೋಡು. ಡ್ರಿಬಲ್ ನಡೆಯುತ್ತಿದ್ದು ಚೆಂಡು ಕೈಗೆ ತಾಗದೆ ಇರುವಾಗ ಎಷ್ಟು ಹೆಜ್ಜೆ ಇಟ್ಟರೂ ತಪ್ಪಲ್ಲ. ಚೆಂಡು ಅಂಗೈಯಲ್ಲಿ ತಂಗಿದರೆ ಡ್ರಿಬಲ್ ಮುಗಿಯಿತು. ಮತ್ತೆ ಬಡಿದರೆ ಡಬಲ್ ಡ್ರಿಬಲ್, ಅದೂ ತಪ್ಪೇ. ಹೆಜ್ಜೆ ಎಣಿಸುವುದು ಚೆಂಡು ಹಿಡಿತಕ್ಕೆ ಬಂದ ಮೇಲೆ. ಓಡುತ್ತ ಹಿಡಿದಾಗ ನೆಲದ ಮೇಲಿದ್ದ ಕಾಲು ಲೆಕ್ಕಕ್ಕಿಲ್ಲ. ಆಮೇಲೆ ಊರಿದ್ದು ಒಂದು, ಮುಂದಿನದು ಎರಡು. ಫಿಬಾ ಇದನ್ನು 2017ರ ಅಕ್ಟೋಬರಿನಲ್ಲಿ ಜಾರಿಗೆ ತಂದಿತು. ಎನ್‌ಬಿಎಯಂತೂ ರೆಫರಿಗಳು ಮೊದಲಿನಿಂದ ಬಿಡುತ್ತಿದ್ದ ಎರಡು ಹೆಜ್ಜೆಯನ್ನು ಬರಹಕ್ಕೆ ಇಳಿಸಿದ್ದು 2009ರಲ್ಲಿ. ಹಳೇ ಆಟಗಾರನಿಗೆ ಮೂರು ಹೆಜ್ಜೆ ಕಂಡರೆ, ನಿನಗೆ ಎರಡೇ ಕಂಡರೆ, ಕಣ್ಣು ಇಬ್ಬರದ್ದೂ ಸರಿಯೇ. ಎಣಿಕೆ ಎಲ್ಲಿ ಶುರುವಾಯಿತು ಎಂಬುದರಲ್ಲಿದೆ ಜಗಳ.

ಮೂರನೆಯದು ನಡತೆ. ‘ಟ್ರಾವೆಲ್!’ ಎಂದು ಕೈ ಎತ್ತಿ ನಿಂತವನನ್ನು ದಾಟಿ ಎದುರಾಳಿ ಬುಟ್ಟಿಗೆ ಹಾಕಿ ಹೋಗುತ್ತಾನೆ. ಸೀಟಿ ಕೇಳುವ ತನಕ ಕಾಲು ನಿಲ್ಲಿಸಬೇಡ. ಕೇಳುವುದಿದ್ದರೆ ಗಡಿಯಾರ ನಿಂತಾಗ ಕ್ಯಾಪ್ಟನ್ ಮರ್ಯಾದೆಯಿಂದ ವಿಚಾರಿಸಲಿ. ಪುಸ್ತಕ ಕೊಟ್ಟ ದಾರಿಯೇ ಅದು. ತೀರ್ಪು ಬದಲಾಗಲೆಂದಲ್ಲ, ತಿಳಿಯಲೆಂದು.

ಒಂದು ಕೆಲಸ ಮಾಡು. ಮುಂದಿನ ಪ್ರಾಕ್ಟೀಸಿನಲ್ಲಿ ಒಂದು ಕ್ವಾರ್ಟರ್ ಸೀಟಿ ನೀನೇ ಹಿಡಿ. ಹತ್ತು ಜನರ ಇಪ್ಪತ್ತು ಕಾಲುಗಳ ನಡುವೆ, ಪೌಸ್ ಬಟನ್ನಿಲ್ಲದೆ, ಯಾವ ಕಾಲು ಮೊದಲು ಊರಿತೆಂದು ಹೇಳಿನೋಡು. ಆಮೇಲೂ ನಿನ್ನ ವಾದ ಉಳಿದರೆ, ಅದು ಕೇಳತಕ್ಕ ವಾದ.