ಬಾಳೆಗೆ ಗೊಬ್ಬರ: ಗೊನೆ ಕಾಣುವ ಮೊದಲೇ ಉಣಿಸಿ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಹಿತ್ತಿಲ ಬಾಳೆಯವು. ಎಲ್ಲರಿಗೂ ಉಪಯೋಗವಾಗುವಂಥವನ್ನು ಆರಿಸಿ ಉತ್ತರಿಸಿದ್ದೇನೆ.

ಪ್ರಶ್ನೆ: ಹಿತ್ತಿಲಲ್ಲಿ ಏಲಕ್ಕಿ ಬಾಳೆ ಹಾಕಿದ್ದೇನೆ. ಹೂ ಕಂಡ ಕೂಡಲೇ ಒಂದು ಬುಟ್ಟಿ ಕೊಟ್ಟಿಗೆ ಗೊಬ್ಬರ, ಮೇಲೊಂದಿಷ್ಟು ಯೂರಿಯಾ ಹಾಕಿದೆ. ಆದರೂ ಐದೇ ಚಿಪ್ಪಿನ ಗೊನೆ. ಎಲ್ಲಿ ತಪ್ಪಿದೆ?
– ಗೃಹಿಣಿ, ತುಮಕೂರು

ಉತ್ತರ: ಹಾಕಿದ ಗೊಬ್ಬರದಲ್ಲಿ ತಪ್ಪಿಲ್ಲ, ಹಾಕಿದ ಹೊತ್ತು ತಡವಾಯಿತು. ನಾವು ಬಾಳೆಯ ಕಾಂಡ ಅನ್ನುವುದು ಎಲೆಬುಡಗಳು ಒಂದರ ಮೇಲೊಂದು ಸುತ್ತಿಕೊಂಡು ಆದ ಹುಸಿಕಾಂಡ. ನಿಜವಾದ ಕಾಂಡ ಮಣ್ಣೊಳಗಿನ ಗೆಡ್ಡೆ. ಹೂಮೊಗ್ಗು ಹುಟ್ಟುವುದು ಆ ಗೆಡ್ಡೆಯ ತುದಿಯಲ್ಲಿ. ಅಲ್ಲಿಂದ ಮೇಲೇರಿ ಸುಳಿಯಲ್ಲಿ ಹೊರಬರಲು ಎರಡು ಮೂರು ತಿಂಗಳು ಬೇಕು. ಗೊನೆಗೆ ಎಷ್ಟು ಚಿಪ್ಪು, ಚಿಪ್ಪಿಗೆ ಎಷ್ಟು ಕಾಯಿ ಎನ್ನುವುದು ಮೊಗ್ಗು ಮೂಡುವಾಗಲೇ ನಿಶ್ಚಯವಾಗಿಬಿಡುತ್ತದೆ. ಹೂ ನಮ್ಮ ಕಣ್ಣಿಗೆ ಬಿದ್ದ ಮೇಲೆ ಎಷ್ಟು ಸುರಿದರೂ ಕಾಯಿ ತುಸು ದಪ್ಪಗಾದೀತು, ಚಿಪ್ಪು ಹೆಚ್ಚುವುದಿಲ್ಲ. ಆದ್ದರಿಂದ ಬಾಳೆಗೆ ಹೊಟ್ಟೆ ತುಂಬ ಕೊಡಬೇಕಾದದ್ದು ನೆಟ್ಟ ಮೊದಲ ಐದಾರು ತಿಂಗಳಲ್ಲಿ.

ಪ್ರಶ್ನೆ: ಸೈಟಿನ ಮೂಲೆಯಲ್ಲಿ ಎರಡೇ ಬಾಳೆ ಇಡುವಷ್ಟು ಜಾಗವಿದೆ. ಯಾವ ಗೊಬ್ಬರ, ಎಷ್ಟು, ಹೇಗೆ ಹಾಕಬೇಕು?
– ಓದುಗರು, ಬೆಂಗಳೂರು

ಉತ್ತರ: ಒಂದೂವರೆ ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯಿರಿ. ಮೇಲ್ಮಣ್ಣಿನ ಜೊತೆ 10 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, 250 ಗ್ರಾಂ ಬೇವಿನ ಹಿಂಡಿ, 300 ಗ್ರಾಂ ಸೂಪರ್ ಫಾಸ್ಫೇಟ್ ಬೆರೆಸಿ ತುಂಬಿ, ಕಂದು ನೆಡಿ. ತೋಟದ ಬೆಳೆಗೆ ನಮ್ಮಲ್ಲಿ ಗಿಡವೊಂದಕ್ಕೆ 180 ಗ್ರಾಂ ಸಾರಜನಕ, 108 ಗ್ರಾಂ ರಂಜಕ, 225 ಗ್ರಾಂ ಪೊಟ್ಯಾಷ್ ಶಿಫಾರಸಿದೆ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕುವ ಮನೆಗಳಲ್ಲಿ ಇದರ ಅರ್ಧ ಸಾಕು. ಅಂದರೆ ಎರಡು, ನಾಲ್ಕು, ಆರನೆಯ ತಿಂಗಳಲ್ಲಿ ಪ್ರತಿ ಸಲ 60 ಗ್ರಾಂ ಯೂರಿಯಾ, 60 ಗ್ರಾಂ ಮ್ಯೂರಿಯೇಟ್ ಆಫ್ ಪೊಟ್ಯಾಷ್.

ಬುಡಕ್ಕೇ ಸುರಿಯಬೇಡಿ. ಬುಡದಿಂದ ಒಂದಡಿ ಬಿಟ್ಟು ಸುತ್ತಲೂ ಮಣ್ಣನ್ನು ಮೇಲ್ಮೇಲೆ ಮಾತ್ರ ಕೆದಕಿ, ಗೊಬ್ಬರ ಹಾಕಿ, ಮಣ್ಣು ಮುಚ್ಚಿ ನೀರು ಕೊಡಿ. ಬಾಳೆಯ ಬೇರು ಹೆಚ್ಚಿನವು ಮೇಲ್ಪದರದಲ್ಲೇ ಹರಡಿರುತ್ತವೆ, ಆಳವಾಗಿ ಅಗೆದರೆ ಕಡಿದುಹೋಗುತ್ತವೆ.

ಪ್ರಶ್ನೆ: ರಾಸಾಯನಿಕ ಬೇಡ ಅಂತಿದ್ದೇನೆ. ಒಲೆ ಬೂದಿ, ಬಾಳೆಹಣ್ಣಿನ ಸಿಪ್ಪೆ ಸಾಕಾಗುತ್ತದೆಯೇ?
– ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ಸೌದೆ ಬೂದಿಯಲ್ಲಿ ಪೊಟ್ಯಾಷ್ ಚೆನ್ನಾಗಿದೆ. ತಿಂಗಳಿಗೆ ಎರಡು ಮೂರು ಹಿಡಿ ಉದುರಿಸಬಹುದು. ಆದರೆ ಅದರಲ್ಲಿ ಸಾರಜನಕ ಇಲ್ಲ. ಅದು ಕೊಟ್ಟಿಗೆ ಗೊಬ್ಬರ, ಹಿಂಡಿ, ಗಂಜಲದಿಂದ ಸಿಗಬೇಕು. ಗಂಜಲಕ್ಕೆ ಎಂಟು ಹತ್ತು ಪಾಲು ನೀರು ಬೆರೆಸಿ ಹಾಕಿ. ಬೂದಿ ಹಾಕಿದ ದಿನವೇ ಗಂಜಲವನ್ನೋ ಯೂರಿಯಾವನ್ನೋ ಹಾಕಬೇಡಿ, ಸಾರಜನಕ ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ವಾರ ಹತ್ತು ದಿನ ಬಿಡಿ. ಸಿಪ್ಪೆಯನ್ನು ಹಸಿಯಾಗಿ ಬುಡದಲ್ಲಿ ರಾಶಿ ಹಾಕಿದರೆ ನೊಣ, ಹೆಗ್ಗಣಕ್ಕೆ ದಾರಿ. ಕಾಂಪೋಸ್ಟ್ ಗುಂಡಿಗೆ ಹಾಕಿ. ಸಿಪ್ಪೆಗಿಂತ ದೊಡ್ಡ ಗೊಬ್ಬರ ನಿಮ್ಮಲ್ಲೇ ಇದೆ: ಗೊನೆ ಕಡಿದ ಬಾಳೆಯ ಕಾಂಡ. ಅದನ್ನು ಕೊಚ್ಚಿ ಪಾತಿಯಲ್ಲಿ ಹರಡಿದರೆ ಪೊಟ್ಯಾಷ್ ಮಣ್ಣಿಗೆ ಮರಳುತ್ತದೆ, ತೇವವೂ ಉಳಿಯುತ್ತದೆ.

ಪ್ರಶ್ನೆ: ರಸಬಾಳೆಯ ಕೆಳಗಿನ ಎಲೆಗಳು ಹಳದಿಯಾಗುತ್ತಿವೆ. ಪೊಟ್ಯಾಷ್ ಕೊರತೆ ಅಂತ ಅಂಗಡಿಯವರು ಹೇಳಿದರು. ನಿಜವೇ?
– ಓದುಗರು, ಮೈಸೂರು

ಉತ್ತರ: ಇರಬಹುದು, ಆದರೆ ನೋಡದೆ ನಂಬಬೇಡಿ. ಪೊಟ್ಯಾಷ್ ಕೊರತೆಯಲ್ಲಿ ಹಳೆಯ ಎಲೆ ಅಂಚಿನಿಂದ ಕಿತ್ತಳೆ ಹಳದಿಗೆ ತಿರುಗಿ, ತುದಿ ಒಳಕ್ಕೆ ಸುರುಳಿಯಾಗಿ ಒಣಗುತ್ತದೆ. ಪನಾಮಾ ಸೊರಗು ರೋಗದಲ್ಲೂ ಹಳದಿ ಹಳೆಯ ಎಲೆಯಿಂದಲೇ ಶುರು. ಆದರೆ ಎಲೆ ತೊಟ್ಟಿನ ಹತ್ತಿರ ಮುರಿದು ಕಾಂಡದ ಸುತ್ತ ಜೋತುಬೀಳುತ್ತದೆ, ಹುಸಿಕಾಂಡ ಬುಡದಲ್ಲಿ ಸೀಳುತ್ತದೆ. ತೀರಾ ಸೊರಗಿದ ಗಿಡವೊಂದನ್ನು ಕಿತ್ತು ಗೆಡ್ಡೆ ಕೊಯ್ದು ನೋಡಿ. ಒಳಗೆ ಕೆಂಗಂದು ಚುಕ್ಕೆ, ಗೆರೆಗಳಿದ್ದರೆ ಅದು ಸೊರಗು. ರಸಬಾಳೆ ಈ ರೋಗಕ್ಕೆ ಬೇಗ ಬಲಿಯಾಗುವ ತಳಿ. ನಂಜನಗೂಡು ಸೀಮೆಯಲ್ಲಿ ಅದು ಅಪರೂಪವಾಗಲು ಈ ರೋಗವೂ ದೊಡ್ಡ ಕಾರಣ. ಯಾವ ಗೊಬ್ಬರವೂ ಇದನ್ನು ವಾಸಿಮಾಡುವುದಿಲ್ಲ. ಗಿಡವನ್ನು ಗೆಡ್ಡೆ ಸಮೇತ ತೆಗೆದು ಸುಡಿ, ಅಲ್ಲಿನ ಕಂದು ಯಾರಿಗೂ ಕೊಡಬೇಡಿ, ಗುದ್ದಲಿಯನ್ನು ತೊಳೆಯದೆ ಬೇರೆ ಕಡೆ ಬಳಸಬೇಡಿ. ಶಿಲೀಂಧ್ರ ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ, ಆ ಜಾಗದಲ್ಲಿ ಮತ್ತೆ ರಸಬಾಳೆ ಬೇಡ.

ಪ್ರಶ್ನೆ: ಗೊನೆ ಬಂದಾಗಿದೆ. ಈಗ ಏನೂ ಮಾಡುವ ಹಾಗಿಲ್ಲವೇ?
– ಓದುಗರು, ಉಡುಪಿ

ಉತ್ತರ: ಇದೆ. ಕೊನೆಯ ಚಿಪ್ಪು ಬಿಚ್ಚಿಕೊಂಡ ಮೇಲೆ ಕೆಳಗಿನ ಮೂತಿಯನ್ನು ಕೊಯ್ದು ಪಲ್ಯಕ್ಕೆ ಬಳಸಿ. ಕೊಯ್ಯುವಾಗ ಗೇಣುದ್ದ ತೊಟ್ಟು ಉಳಿಸಿಕೊಳ್ಳಿ. ಅರ್ಧ ಕಿಲೋ ಹಸಿ ಸಗಣಿಗೆ 7.5 ಗ್ರಾಂ ಯೂರಿಯಾ, 7.5 ಗ್ರಾಂ ಸಲ್ಫೇಟ್ ಆಫ್ ಪೊಟ್ಯಾಷ್, ಸ್ವಲ್ಪ ನೀರು ಕಲಸಿ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ. ತೊಟ್ಟಿನ ಕತ್ತರಿಸಿದ ತುದಿ ಸಗಣಿಯಲ್ಲಿ ಮುಳುಗಿರುವಂತೆ ಚೀಲವನ್ನು ಬಿಗಿಯಾಗಿ ಕಟ್ಟಿ. ತೊಟ್ಟು ಆಹಾರ ಹೀರಿಕೊಂಡು ಕಾಯಿ ತುಂಬಿಕೊಳ್ಳುತ್ತದೆ. ಗಾಳಿಮಳೆಗೆ ಬೀಳದಂತೆ ಕವೆಗೋಲು ಕೊಡಲು ಮರೆಯಬೇಡಿ.

ಪ್ರಶ್ನೆ: ಒಂದು ಬುಡಕ್ಕೆ ಎಷ್ಟು ಕಂದು ಬಿಡಬೇಕು?
– ಕೃಷಿಕ ಮಹಿಳೆ, ತೀರ್ಥಹಳ್ಳಿ

ಉತ್ತರ: ಒಂದೇ. ತಾಯಿ ಹೂ ಬಿಡುವವರೆಗೆ ಬಂದ ಕಂದುಗಳನ್ನೆಲ್ಲ ನೆಲಮಟ್ಟಕ್ಕೆ ಕೊಯ್ಯುತ್ತಿರಿ, ಇಲ್ಲದಿದ್ದರೆ ತಾಯಿಯ ಊಟದಲ್ಲಿ ಅವೂ ಪಾಲು ಕೇಳುತ್ತವೆ. ಹೂ ಬಂದಾಗ ಕತ್ತಿಯಂಥ ಕಿರಿದಾದ ಎಲೆಯ, ಬುಡ ದಪ್ಪಗಿರುವ ಕಂದೊಂದನ್ನು ಉಳಿಸಿಕೊಳ್ಳಿ. ಅಗಲ ಎಲೆಯ ನೀರುಕಂದು ಬೇಡ, ಅದರ ಗೆಡ್ಡೆ ಸಣ್ಣದು. ಕಂದನ್ನು ಆರಿಸಿದ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮುಂದಿನ ಗೊನೆಯ ಗೊಬ್ಬರದ ಲೆಕ್ಕ ಆ ದಿನದಿಂದಲೇ ಶುರು. ತಾಯಿಯ ಗೊನೆ ಕಡಿಯುವವರೆಗೆ ಕಾಯಬೇಡಿ.